ತಣ್ಣಗಿರಬೇಕಾದ ಮಗ್ಗುಲು

ನವೆಂಬರ್ ೩, ಸೋಮವಾರ

ಅಲ್ಲ, ಕುಕ್ಕರಿನದು ನನ್ನ ತಪ್ಪಲ್ಲ ಅಂತ ನಿನ್ನೆ ಹೇಳುತ್ತಿದ್ದೆನಲ್ಲ, ಅದರ ರಬ್ಬರ್ ಸಡಿಲ. ನೀನಿದ್ದಾಗಲೂ ಸಡಿಲವೇ ಆಗಿತ್ತು, ಆದರೆ ನಿನ್ನ ಕೈಗೆ ಹೆದರಿಕೊಂಡು ಮುಚ್ಚಿಕೊಳ್ಳುತ್ತಿತ್ತು. ನನಗೆ ಯಾವ ಪಾತ್ರೆಯೂ ಹೆದರುವುದಿಲ್ಲ. ಅರೆಬೆಂದ ಅನ್ನ ತಿಂದು, ಕಿಟಕಿಗಳನ್ನೆಲ್ಲ ಹಾಕಿ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್ ತುರುಕಿ ಕೂತಿದ್ದೇನೆ. ಜೀವಮಾನವಿಡೀ ಪೈಪುಗಳಿಗೆ ಹೊದಿಕೆ ಸುತ್ತಿದವನು ನಾನು, ಒಂದು ಸಂದಿ ಬಾಯಿ ಬಿಟ್ಟಿದ್ದರೆ ನಿದ್ದೆ ಬರುವುದಿಲ್ಲ. ಸೆಖೆಗಾಲದಲ್ಲೂ ಹೀಗೇ ಕೂರ್ತೀರಲ್ಲ, ನೀವೇನು ಉಪ್ಪಿನಕಾಯಿಯಾ ಅಂತ ನೀನು ರೇಗುತ್ತಿದ್ದೆ. ಈಗ ರೇಗುವವರಿಲ್ಲ. ಮನೆ ಚೆನ್ನಾಗಿ ಮುಚ್ಚಿಕೊಂಡಿದೆ.

ಯಾರಿಗಾಗಿ ಬರೆಯುತ್ತೇನೋ ಗೊತ್ತಿಲ್ಲ. ನೀನು ಹೋದ ಮೇಲೆ ಬಾಯಿ ತೆರೆದು ಮಾತಾಡಿದರೆ ಪಕ್ಕದ ಮನೆಯವರು ಇಣುಕಿ ನೋಡುತ್ತಾರೆ, ಬರೆದರೆ ನೋಡುವುದಿಲ್ಲ. ಅಷ್ಟೇ.

ಮಗಳು ಫೋನ್ ಮಾಡಿದ್ದಳು. ಲಾಂಡ್ರಿಯ ಯಜಮಾನರು ಒಪ್ಪಿದರಂತೆ. ನಾನು ಕೊನೆಗೆ ಕೆಲಸ ಮಾಡಿದ, ಆಸ್ಪತ್ರೆಗಳ ಚಾದರ ಹೊದಿಕೆ ಒಗೆಯುವ ಆ ಶೆಡ್ಡು. ಅದರ ಬಾಯ್ಲರಿನ ಹೊಗೆಕೊಳವೆಗೆ ಅವಳು ಮಾಡಿದ ಬಿಲ್ಲೆಗಳನ್ನು ಹಚ್ಚಿ, ಸುಮ್ಮನೆ ಆಕಾಶಕ್ಕೆ ಹೋಗುವ ಬಿಸಿಯಿಂದ ಕರೆಂಟು ತೆಗೆಯುತ್ತಾಳಂತೆ. ಯಜಮಾನರ ಹತ್ತಿರ ನಾನೇ ಹೋಗಿ ಕೇಳಿಕೊಂಡಿದ್ದೆ. ಹೋಗುವಾಗ ಶರಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದೆ ಅನ್ನುವುದು ವಾಪಸ್ ಬಂದು ಕನ್ನಡಿ ನೋಡಿದಾಗ ಗೊತ್ತಾಯಿತು.

ನವೆಂಬರ್ ೮, ಶನಿವಾರ

ಬಿಲ್ಲೆಗಳನ್ನು ಹಚ್ಚಿ ಆಯಿತು. ಬಿಸ್ಕತ್ತಿನಷ್ಟು ಅಗಲ, ಬೂದು ಬಣ್ಣ, ನೋಡಿದರೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಇದಕ್ಕೆ ಆರು ವರ್ಷವಾ ಅಂತ ಕೇಳಿಬಿಟ್ಟೆ. ಮಗಳು ಸಿಟ್ಟಾಗಲಿಲ್ಲ, ಬಾಯ್ಲರ್ ಮನೆಯ ಸೋಪಿನ ಡಬ್ಬಿಯ ಮೇಲೆ ಕೂತು ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದಳು. ಲೋಹದ ಪುಡಿಯನ್ನು ಕಣ್ಣಿಗಲ್ಲ, ಸಾಧಾರಣ ಭೂತಗನ್ನಡಿಗೂ ಕಾಣದಷ್ಟು ಸಣ್ಣ ಹರಳಾಗುವವರೆಗೆ ಅರೆದು, ಒತ್ತಿ ಬಿಲ್ಲೆ ಮಾಡುವುದು. ಆ ಹರಳು ಹರಳಿನ ನಡುವೆ ಗಡಿಗಳಿವೆಯಂತೆ. ಕರೆಂಟು ಅವನ್ನು ದಾಟಿ ಹೋಗುತ್ತದೆ, ಶಾಖ ಮಾತ್ರ ಪ್ರತಿ ಗಡಿಯಲ್ಲೂ ಎಡವುತ್ತದೆ. ನಿನ್ನ ಅಣ್ಣನ ಮನೆ ಬಾಗಿಲಿನ ಹಾಗೆ ಅಂದೆ, ಉಡುಗೊರೆ ಒಳಗೆ ಹೋಗುತ್ತದೆ, ತಂದವರು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಮಗಳು ನಕ್ಕಳು. ನಿನ್ನ ನಗುವೇ. ಹಾಗಾಗಿ ಮುಂದೆ ಅವಳು ಹೇಳಿದ್ದರಲ್ಲಿ ಅರ್ಧ ನನ್ನ ಕಿವಿಗೆ ಬೀಳಲಿಲ್ಲ. ಕಾಲೇಜಿನಲ್ಲಿ ಓದಿದ್ದೂ ಎಲ್ಲಿ ನೆನಪಿದೆ. ಎನರ್ಜಿ ಕೆನಾಟ್ ಬಿ ಕ್ರಿಯೇಟೆಡ್ ನಾರ್... ಆ ನಾರ್ ಆದಮೇಲೆ ಏನೋ ಇತ್ತು. ಎರಡನೇ ವರ್ಷಕ್ಕೆ ಬಿಟ್ಟವನಿಗೆ ನಾರ್ ತನಕ ಬಂದಿದೆ, ಅದೇ ಹೆಚ್ಚು.

ಇಷ್ಟು ಮಾತ್ರ ಗಟ್ಟಿಯಾಗಿ ತಲೆಗೆ ಹೋಯಿತು. ಹೊಗೆಕೊಳವೆಗೆ ಅಂಟಿದ ಮಗ್ಗುಲು ಬಿಸಿ ಇರಬೇಕು, ಆಚೆ ಮಗ್ಗುಲು ತಣ್ಣಗಿರಬೇಕು. ಆ ವ್ಯತ್ಯಾಸ ಇದ್ದರೇ ಕರೆಂಟು.

“ಹಿಂದಿನ ಮಗ್ಗಲು ತಣ್ಣಗಿರ್ಬೇಕು ಅಪ್ಪ. ಅದೇ ಎಲ್ಲಾ.”

ಆ ತಣ್ಣನೆಯ ಮಗ್ಗುಲಿಗೆ ಬಾಚಣಿಗೆಯ ಹಲ್ಲಿನಂಥ ಅಲ್ಯುಮಿನಿಯಂ ಪಟ್ಟಿಗಳಿವೆ. ಸುತ್ತ ಒಂದು ತಂತಿಯ ಪಂಜರ, ಅದಕ್ಕೆ ಬೀಗ. ಅವಳ ಸಂಶೋಧನಾ ಸಂಸ್ಥೆಯವರ ಹೊರತು ಯಾರೂ ಮುಟ್ಟಬಾರದಂತೆ. ಆದರೂ ಒಂದು ಬೀಗದ ಕೈ ನನಗೆ ಕೊಟ್ಟಳು, ಬೆಂಕಿಗಿಂಕಿ ಹತ್ತಿದರೆ ಇರಲಿ ಅಂತ. ಅಳತೆಗಳೆಲ್ಲ ತಾವಾಗಿ ಅವಳ ಕಂಪ್ಯೂಟರಿಗೆ ಹೋಗುತ್ತವೆ. ನನಗೆ ಗೊತ್ತಾಗಲಿ ಅಂತ ಒಂದು ಚಿಕ್ಕ ಬಲ್ಬು ಸಿಕ್ಕಿಸಿದ್ದಾಳೆ. ಅದು ಉರಿಯುತ್ತಿದ್ದರೆ ಎಲ್ಲ ಸರಿ.

ತಿಂಗಳ ಕೊನೆಯವರೆಗೆ ಇದು ಕೆಡದೆ ನಡೆಯಬೇಕು. ನಡೆದರೆ ಅವಳ ಮೇಡಂ, ಅಂದರೆ ಅವಳ ವಿಭಾಗದ ಮುಖ್ಯಸ್ಥೆ, ಅವಳನ್ನು ಖಾಯಂ ಮಾಡುವಂತೆ ಕೇಳುತ್ತಾರೆ. ಇಲ್ಲದಿದ್ದರೆ ಅವಳ ಮೇಜು ಇನ್ನೊಬ್ಬರಿಗೆ. ಇದನ್ನು ಹೇಳುವಾಗ ಅವಳು ಉಗುರಿನಿಂದ ಡಬ್ಬಿಯ ಬಣ್ಣ ಕೆರೆಯುತ್ತಿದ್ದಳು.

ನವೆಂಬರ್ ೧೧, ಮಂಗಳವಾರ

ದಿನಾ ಹೋಗಿ ಬಲ್ಬು ನೋಡಿ ಬರುತ್ತೇನೆ. ಬಾಯ್ಲರ್ ನೋಡಿಕೊಳ್ಳುವ ಕೆಮ್ಮಣ್ಣ ಇನ್ನೂ ಇದ್ದಾನೆ, ಕೆಮ್ಮೂ ಇದೆ. ಇಷ್ಟು ದೊಡ್ಡ ಬಾಯ್ಲರು, ಇಷ್ಟು ಕಲ್ಲಿದ್ದಲು, ಇಷ್ಟೆಲ್ಲ ಓದಿದ ಮಗಳು, ಸಿಕ್ಕಿದ್ದು ಸೊಳ್ಳೆಯ ಕಣ್ಣಿನಷ್ಟು ಬೆಳಕಾ ಅಂತ ಗೇಲಿ ಮಾಡಿದ. ನಿನ್ನ ಬಾಯ್ಲರು ಮೂವತ್ತು ವರ್ಷದಿಂದ ಆಕಾಶ ಕಾಯಿಸುತ್ತಿದೆ, ಆಕಾಶ ಏನು ಕೊಟ್ಟಿತು ಅಂದೆ. ಅವನು ಕೆಮ್ಮಿದ.

ಒಗೆದ ಚಾದರಗಳ ಬಿಸಿ ವಾಸನೆ. ನಿನ್ನ ಕೊನೆಯ ವಾರದ ಹಾಸಿಗೆಯ ಮೇಲಿದ್ದ ಚಾದರಗಳೂ ಇಲ್ಲೇ ಒಗೆದವೇ ಇರಬೇಕು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ನವೆಂಬರ್ ೧೩, ಗುರುವಾರ

ಇವತ್ತು ಕೈಗೆ ಕೆಲಸ ಸಿಕ್ಕಿತು. ಕೇಳು.

ಬೀಗ ತೆಗೆದು ಆ ಹಲ್ಲುಗಳನ್ನು ಮುಟ್ಟಿ ನೋಡಿದೆ. ಬೆಚ್ಚಗಿದ್ದವು. ತಣ್ಣಗಿರಬೇಕಾದ ಮಗ್ಗುಲು ಬೆಚ್ಚಗೆ! ಆಮೇಲೆ ಹೊಳೆಯಿತು, ಬಾಯ್ಲರ್ ಮನೆ ಅಂದರೆ ಒಲೆಯ ಬಾಯಿ. ಅಲ್ಲಿ ತಣ್ಣಗಿನ ಸಾಮಾನು ಬರಿ ಮೈಯಲ್ಲಿ ಬಿಟ್ಟರೆ ಸುತ್ತಲಿನ ಸೆಖೆ ಒಳಗೆ ಹೋಗದೆ ಇರುತ್ತದೆಯೇ? ಮಗಳು ಪುಸ್ತಕ ಓದಿದವಳು, ಬಾಯ್ಲರ್ ಮನೆಯಲ್ಲಿ ಎಂಟು ಗಂಟೆ ನಿಂತವಳಲ್ಲ. ನಾನು ಬಿಸಿನೀರಿನ ಪೈಪಿಗಷ್ಟೇ ಹೊದಿಕೆ ಸುತ್ತಿದವನಲ್ಲ. ಮೀನಿನ ಗೋದಾಮಿನ ತಣ್ಣೀರಿನ ಪೈಪಿಗೂ ಸುತ್ತಿದ್ದೇನೆ. ಹೊದಿಕೆಗೆ ಭೇದವಿಲ್ಲ, ಬಿಸಿಯನ್ನು ಬಿಸಿಯಾಗಿಡುತ್ತದೆ, ತಣ್ಣಗಿನದನ್ನು ತಣ್ಣಗಿಡುತ್ತದೆ.

ಮನೆಗೆ ಬಂದು ಮಂಚದ ಕೆಳಗಿನ ಚೀಲ ಎಳೆದೆ. ಚಾಕು, ತಗಡು ಕತ್ತರಿ, ತಂತಿ, ಉಳಿದ ಗ್ಲಾಸ್‌ವೂಲ್, ಅದೇ ಹತ್ತಿಯಂಥ ಗಾಜಿನೆಳೆ. ಹಲ್ಲಿನಿಂದ ಹಲ್ಲಿಗೆ ಬೆರಳು ತೂರಿಸಿ ತುಂಬಿ, ಮೇಲೊಂದು ಪದರ ಹೊದಿಸಿ, ತಗಡಿನ ಅಂಗಿ ತೊಡಿಸಿ, ಅಂಚು ಮಡಿಚಿ ಹೊಡೆದೆ. ಬಲ್ಬಿಗೆ ಮಾತ್ರ ಕಿಂಡಿ ಬಿಟ್ಟೆ. ಜೋಡಣೆಯ ಗೆರೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಚೊಕ್ಕ. ಕೆಮ್ಮಣ್ಣ ಬಂದು ನೋಡಿ, ಕೈ ಇನ್ನೂ ನಿಂತಿದೆಯಲ್ಲ ಅಂದ.

ಮಗಳಿಗೆ ಹೇಳಿಲ್ಲ. ಶನಿವಾರ ಬಂದಾಗ ತಾನೇ ನೋಡಲಿ. ಎಷ್ಟು ದಿನದ ಮೇಲೆ ಹಸಿವಾಯಿತು ನೋಡು, ಎರಡು ಸಲ ಉಂಡೆ.

ನವೆಂಬರ್ ೧೪, ಶುಕ್ರವಾರ

ಬಲ್ಬು ಸ್ವಲ್ಪ ಮಂಕಾಗಿದೆ. ಕಿಂಡಿಯಲ್ಲಿ ಧೂಳಿರಬಹುದು. ಒರೆಸಿದೆ.

ನವೆಂಬರ್ ೧೬, ಭಾನುವಾರ

ನಿನ್ನೆ ಮಗಳು ಬರಲಿಲ್ಲ. ಅಳತೆಗಳು ಇಳಿಯುತ್ತಿವೆಯಂತೆ, ಕಂಪ್ಯೂಟರ್ ಬಿಟ್ಟು ಏಳಲಿಕ್ಕೇ ಮನಸ್ಸಿಲ್ಲವಂತೆ. ಫೋನಿನಲ್ಲಿ ಅವಳ ದನಿ ಒಣಗಿತ್ತು. ಯಾವುದಕ್ಕೆ ಹೆದರುತ್ತಿದ್ದಳೋ ಅದೇ ಆಗಿದೆ ಅಂದಳು. ಆ ಸಣ್ಣ ಹರಳುಗಳಿವೆಯಲ್ಲ, ಶಾಖ ಹೆಚ್ಚಾದರೆ ಅವು ಒಂದಕ್ಕೊಂದು ಸೇರಿ ಬೆಳೆದುಬಿಡುತ್ತವಂತೆ. ಗಡಿ ಅಳಿಸಿಹೋಗುತ್ತದೆ, ಶಾಖ ಎಡವದೆ ದಾಟುತ್ತದೆ, ಆರು ವರ್ಷದ ಕೆಲಸ ಬರಿ ಲೋಹದ ತುಂಡಾಗುತ್ತದೆ. ತಾನು ಮಾಡಿದ ಬಿಲ್ಲೆ ಹಾಗಾಗುವುದಿಲ್ಲ ಅನ್ನುವುದೇ ಅವಳ ವಾದವಾಗಿತ್ತು.

ಏನೂ ಆಗಲ್ಲ, ನಾನು ನೋಡಿಕೊಳ್ಳುತ್ತಿದ್ದೇನೆ ಅಂದೆ. ಸುತ್ತಿದ್ದನ್ನು ಹೇಳಬೇಕೆನ್ನಿಸಿತು. ಅಷ್ಟು ಸೋತ ದನಿಯ ಮುಂದೆ ನನ್ನ ಜಂಬ ಯಾಕೆ ಅಂತ ಬಿಟ್ಟೆ. ಮಧ್ಯಾಹ್ನ ಹೋಗಿ ಇನ್ನೊಂದು ಪದರ ಸುತ್ತಿದೆ. ನೀನಿದ್ದಿದ್ದರೆ ಅವಳನ್ನು ಮಾತಾಡಿಸುತ್ತಿದ್ದೆ. ನನಗೆ ಸುತ್ತುವುದು ಬಿಟ್ಟು ಬೇರೆ ಬರುವುದಿಲ್ಲ.

ನವೆಂಬರ್ ೧೯, ಬುಧವಾರ

ಬಲ್ಬು ಆರಿದೆ.

ನವೆಂಬರ್ ೨೨, ಶನಿವಾರ

ಬರೆಯಬಾರದು ಅಂತ ಕೂತಿದ್ದೆ. ಬರೆಯದಿದ್ದರೂ ಅದೇ ತಲೆಯಲ್ಲಿ ಓಡುತ್ತದೆ.

ಮಗಳು ಬೆಳಿಗ್ಗೆ ನೇರವಾಗಿ ಲಾಂಡ್ರಿಗೆ ಬಂದಳು. ನಾನು ಮೊದಲೇ ಹೋಗಿ ಪಂಜರದ ಪಕ್ಕ ನಿಂತಿದ್ದೆ, ತಾನು ಬರೆದ ಚಿತ್ರ ತೋರಿಸಲು ನಿಂತ ಶಾಲೆಯ ಮಗುವಿನ ಹಾಗೆ. ಅವಳು ನೋಡಿದಳು. ಚೀಲ ಕೆಳಗಿಟ್ಟಳು. ತಗಡಿನ ಮೇಲೆ ಕೈ ಆಡಿಸಿದಳು. ಇದು ಯಾರು ಮಾಡಿದ್ದು ಅಂತ ಕೆಮ್ಮಣ್ಣನನ್ನು ಕೇಳಿದಳು, ನನ್ನನ್ನಲ್ಲ. ಕೆಮ್ಮಣ್ಣ ಬೂದಿ ತೆಗೆಯುವ ನೆಪದಲ್ಲಿ ಆಚೆ ಹೋದ.

“ತಣ್ಣಗಿರ್ಬೇಕು ಅಂದ್ಯಲ್ಲಮ್ಮ,” ಅಂದೆ.

ಅವಳು ಸೋಪಿನ ಡಬ್ಬಿಯ ಮೇಲೆ ಕೂತಳು. ಆಮೇಲೆ ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

“ಬಿಸಿ ಬಿಲ್ಲೆಯೊಳಗಿಂದಾನೇ ಬರುತ್ತೆ ಅಪ್ಪ, ರೂಮಿಂದ ಅಲ್ಲ. ತಡೆದೂ ತಡೆದೂ ಸ್ವಲ್ಪ ದಾಟಿ ಬರುತ್ತೆ. ಬಂದಿದ್ದು ಆ ಹಲ್ಲುಗಳಿಂದ ಗಾಳಿಗೆ ಹೋಗ್ಬೇಕು. ನೀನು ಹೋಗೋ ದಾರಿ ಮುಚ್ಚಿಬಿಟ್ಟೆ.”

ಅರ್ಥವಾಯಿತು. ಗೋದಾಮಿನ ಪೈಪಿನಲ್ಲಿ ತಣ್ಣೀರು ಹರಿಯುತ್ತಾ ಇರುತ್ತಿತ್ತು, ಬಂದ ಬಿಸಿಯನ್ನು ಹೊತ್ತುಕೊಂಡು ಹೋಗುತ್ತಿತ್ತು. ಇಲ್ಲಿ ಹೊತ್ತುಕೊಂಡು ಹೋಗುವವರೇ ಇರಲಿಲ್ಲ. ಎರಡೂ ಮಗ್ಗುಲು ಒಂದೇ ಸಮ ಕಾದವು. ವ್ಯತ್ಯಾಸ ಸತ್ತಿತು. ತಗಡು ಬಿಚ್ಚಿದಾಗ ತಣ್ಣನೆಯ ಕಡೆಯ ಬೆಸುಗೆ ಕರಗಿ ಮಣಿಮಣಿಯಾಗಿ ಇಳಿದಿತ್ತು. ಇನ್ನೊಂದು ಜೊತೆ ಬಿಲ್ಲೆ ಮಾಡಲು ತಿಂಗಳುಗಟ್ಟಲೆ ಬೇಕು.

ಬಿಚ್ಚುವಾಗ ಅವಳಿಗೆ ಅಂಚು ಸಿಗಲಿಲ್ಲ. ನಾನೇ ತೋರಿಸಬೇಕಾಯಿತು.

“ಎಷ್ಟು ಚೆನ್ನಾಗಿ ಸುತ್ತಿದೀಯ,” ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವರದಿಯಲ್ಲಿ ಬೆಸುಗೆ ತನ್ನಿಂದಲೇ ಸರಿಯಾಗಿ ಆಗಿರಲಿಲ್ಲ ಅಂತ ಬರೆಯುತ್ತಾಳಂತೆ. ಹೊರಗಿನವನ ಕೈಗೆ ಬೀಗದ ಕೈ ಕೊಟ್ಟದ್ದು ಗೊತ್ತಾದರೆ ಇನ್ನೂ ಕೆಡುಕು, ಅದಕ್ಕಿಂತ ಹೆಚ್ಚಾಗಿ ಅಪ್ಪನ ಹೆಸರು ಯಾವ ಕಾಗದದಲ್ಲೂ ಬೇಡ ಅಂದಳು. ರಾತ್ರಿ ಇಲ್ಲೇ ಉಳಿದಳು. ನಿನ್ನ ಹಾಗೆಯೇ, ಬೇಜಾರಾದರೆ ಪಾತ್ರೆ ಉಜ್ಜುತ್ತಾಳೆ. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ನವೆಂಬರ್ ೨೫, ಮಂಗಳವಾರ

ಅವಳಿಗೆ ಹೇಳದೆ ಸಂಸ್ಥೆಗೆ ಹೋಗಿ ಮೇಡಂ ಅವರನ್ನು ಕಂಡೆ. ಇವತ್ತು ಮಗಳು ಪುಡಿ ತರಲು ಬೇರೆ ಕಡೆ ಹೋಗಿರುತ್ತಾಳೆ ಅಂತ ಗೊತ್ತಿತ್ತು.

ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಹೇಳುವುದನ್ನು ಕಟ್ಟಿಕೊಂಡು ಹೋಗಿದ್ದೆ. ದೊಡ್ಡವರ ಮುಂದೆ ಕನ್ನಡದಲ್ಲಿ ತಪ್ಪೊಪ್ಪಿಕೊಂಡರೆ ಅಳು ಬರುತ್ತದೆ, ಇಂಗ್ಲಿಷಿನಲ್ಲಾದರೆ ಬೇರೆಯವರದ್ದನ್ನು ಹೇಳಿದಂತಿರುತ್ತದೆ. ಆದರೆ ಅವರ ಕೋಣೆಗೆ ಕಾಲಿಟ್ಟ ಕೂಡಲೇ ಕಾಲೇಜಿನ ರಜೆ ಅರ್ಜಿ ಒಂದು ಬಿಟ್ಟು ಬೇರೆ ಎಲ್ಲ ಮರೆತುಹೋಯಿತು. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್ ಅಂತ ಶುರುಮಾಡಿದೆ. ಮುಂದೆ ಐ ಯಾಮ್ ಸಫರಿಂಗ್ ಫ್ರಮ್ ಫೀವರ್ ಅನ್ನುವುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮೇಡಂ ನಗಲಿಲ್ಲ. ಕೂತ್ಕೊಳ್ಳಿ, ಕನ್ನಡದಲ್ಲೇ ಹೇಳಿ ಅಂದರು. ಹೇಳಿದೆ. ಸುತ್ತಿದ್ದು ನಾನು, ಬೆಸುಗೆ ಕರಗಿದ್ದು ನನ್ನಿಂದ, ಬಿಲ್ಲೆಯದೂ ಅವಳದೂ ಏನೂ ತಪ್ಪಿಲ್ಲ.

ಅವರು ಕನ್ನಡಕ ತೆಗೆದು ಒರೆಸಿದರು. ನಮ್ಮ ವಯಸ್ಸಿನವರೇ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಖಾಯಂ ಕೆಲಸದ ಜಾಗ ಹೋದ ತಿಂಗಳೇ ಬ್ಯಾಟರಿ ವಿಭಾಗಕ್ಕೆ ಹೋಯ್ತು. ನಿಮ್ಮ ಮಗಳಿಗೆ ಹೇಳೋಕೆ ಸರಿಯಾದ ಹೊತ್ತು ಸಿಗಲಿಲ್ಲ.”

ಹಾಗಾದರೆ ಈ ಪರೀಕ್ಷೆ? ಮೊದಲೇ ಗೊತ್ತುಮಾಡಿದ್ದು, ನಡೆಯಲಿ ಅಂತ ಬಿಟ್ಟರಂತೆ. ಬಲ್ಬು ಉರಿದಿದ್ದರೂ ಇಷ್ಟೇ, ಆರಿದರೂ ಇಷ್ಟೇ. ನಾವೇ ಸಮಯ ನೋಡಿ ಹೇಳುತ್ತೇವೆ, ನೀವು ಹೇಳಬೇಡಿ ಅಂದರು. ತಲೆಯಾಡಿಸಿ ಬಂದೆ. ಮೆಟ್ಟಿಲಿಳಿಯುವಾಗ ಮೊದಲು ಬಂದ ಯೋಚನೆ, ಸದ್ಯ, ನನ್ನಿಂದ ಅಲ್ಲ. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಆ ಯೋಚನೆಗೆ ನನಗೇ ಅಸಹ್ಯವಾಯಿತು.

ನವೆಂಬರ್ ೨೬, ಬುಧವಾರ

ಹೇಳುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಅಪ್ಪ ಕೆಡಿಸಿದ ಅಂದುಕೊಂಡಿರಲಿ. ಇಲ್ಲದಿದ್ದರೆ ಗೆಲ್ಲುತ್ತಿದ್ದೆ ಅನ್ನುವುದಾದರೂ ಅವಳಿಗೆ ಉಳಿಯುತ್ತದೆ. ಆರು ವರ್ಷದ ಕೆಲಸವನ್ನು ಯಾರೂ ತೆರೆದೂ ನೋಡಲಿಲ್ಲ ಅನ್ನುವುದಕ್ಕಿಂತ ಇದು ಮೇಲು. ನನ್ನ ಬೆನ್ನು ಅಗಲ ಇದೆ, ಇನ್ನೊಂದು ಮೂಟೆ ಹೊರುತ್ತದೆ.

ನವೆಂಬರ್ ೨೯, ಶನಿವಾರ

ಇಷ್ಟು ಚೆನ್ನಾಗಿ ಅವಳು ನನ್ನ ಹತ್ತಿರ ಮಾತಾಡುತ್ತಿರುವುದೇ ಕಷ್ಟ. ಗಾಜಿನ ಲೋಟ ಹಿಡಿದ ಹಾಗೆ ಹಿಡಿಯುತ್ತಾಳೆ. ಊಟ ಮಾಡುವಾಗ ತನ್ನ ಲೆಕ್ಕಾಚಾರವೆಲ್ಲ ಹೇಳಿದಳು. ಮೇಡಂ ಕಾಲಿಗೆ ಬಿದ್ದಾದರೂ ಇನ್ನೊಂದು ಅವಕಾಶ ಕೇಳುತ್ತಾಳಂತೆ. ಹೊಸ ಬಿಲ್ಲೆಗಳನ್ನು ಸಂಬಳವಿಲ್ಲದೆ ಮಾಡುತ್ತಾಳಂತೆ, ಒಂದು ವರ್ಷವಾದರೂ ಸರಿ. ಮಾತಿನ ಮಧ್ಯೆ ಇನ್ನೊಂದು ಬಂತು. ರೈಲಿನಲ್ಲಿ ಒಂದು ರಾತ್ರಿಯಷ್ಟು ದೂರದ ಊರಿನ ಉಕ್ಕಿನ ಕಾರ್ಖಾನೆಯವರು ಅವಳನ್ನು ಕರೆದಿದ್ದಾರೆ, ಅವರ ಕುಲುಮೆಯ ಬಿಸಿಯಿಂದ ಇದೇ ಕೆಲಸ ಮಾಡಲಿಕ್ಕೆ. ಸೋಮವಾರ ಉತ್ತರ ಕೊಡಬೇಕು. ಬರುವುದಿಲ್ಲ ಅಂತ ಬರೆದಿಟ್ಟಿದ್ದಾಳೆ, ಕಳಿಸುವುದಷ್ಟೇ ಬಾಕಿ.

“ಇಲ್ಲೇ ಇರ್ತೀನಪ್ಪ. ಇನ್ನೊಂದ್ಸಲ ಮಾಡಿ ತೋರಿಸ್ತೀನಿ,” ಅಂದಳು.

ಒಳ್ಳೆಯದು ಅಂದುಬಿಟ್ಟೆ. ಅಂದದ್ದು ಬಾಯಿ. ಅವಳು ಇಲ್ಲಿದ್ದರೆ ನನಗೂ ಶನಿವಾರ ಅಂತ ಒಂದು ಇರುತ್ತದೆ. ಅನ್ನಕ್ಕೆ ಸಾರು ಹಾಕಿಕೊಂಡು ಕಲಸುತ್ತಲೇ ಕೂತೆ. ಯಾಕೆ ಉಣ್ಣುತ್ತಿಲ್ಲ ಅಂತ ಕೇಳಿದಳು. ಉಪ್ಪು ಜಾಸ್ತಿ ಅಂದೆ. ಅದಕ್ಕೂ ಸಾರಿ ಅಂದಳು.

ನವೆಂಬರ್ ೩೦, ಭಾನುವಾರ

ಹೇಳಿಬಿಟ್ಟೆ. ಬೆಳಿಗ್ಗೆ ಅವಳು ಹಾಲು ಕಾಯಿಸುತ್ತಿದ್ದಾಗ, ಬೆನ್ನು ನನ್ನ ಕಡೆಗಿತ್ತು, ಹಾಗಾಗಿ ಸುಲಭವಾಯಿತು. ಮೇಡಂ ಹೇಳಿದ್ದು ಹೇಳಿದ ಹಾಗೆ ಒಪ್ಪಿಸಿದೆ. ಹಾಲು ಉಕ್ಕಿತು. ಅವಳು ಒಲೆ ಆರಿಸಿದಳು, ಒರೆಸಲಿಲ್ಲ.

“ನಿಂಗೆ ಯಾವತ್ತು ಗೊತ್ತಾಯ್ತು?”

“ಮಂಗಳವಾರ.”

“ಇಷ್ಟು ದಿನ ನನ್ನ ಹತ್ರ ಬೈಸ್ಕೊಂಡು ಸುಮ್ಮನಿದ್ದೆಯಾ?”

“ನೀನೆಲ್ಲಿ ಬೈದೆ.”

“ಮನಸ್ಸಲ್ಲಿ ಬೈದೆ. ದಿನಾ ಬೈದೆ.” ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತು ಅತ್ತಳು. ನೀನು ಹೋದಾಗ ಬಂದವರಿಗೆಲ್ಲ ಕಾಫಿ ಕೊಡುತ್ತ ಓಡಾಡಿದವಳು, ಅಳಲಿಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಮಂಡಿ ನೋಯುತ್ತಿತ್ತು. ಎದ್ದೇಳು, ಸಮಾಧಾನ ಮಾಡ್ಕೋ ಅಂತೇನೂ ಹೇಳಲಿಲ್ಲ. ಅಳು ಎಷ್ಟಿತ್ತೋ ಅಷ್ಟೂ ಆಯಿತು.

ಮುಖ ತೊಳೆದು ಬಂದು, ಸಂಸ್ಥೆಗೆ ಹೋಗುತ್ತೇನೆ, ಅಲ್ಲಿನ ಲ್ಯಾಬಿನ ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ ಅಂದಳು. ಸುಟ್ಟ ಬಿಲ್ಲೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾಳಂತೆ. ನಾನು ಎರಡು ಪದರ ಸುತ್ತಿ ಕಾಯಿಸಿದಷ್ಟು ಅದನ್ನು ಯಾರೂ ಬೇಕೆಂದೇ ಕಾಯಿಸುವುದಿಲ್ಲವಂತೆ. ಹರಳು ಬೆಳೆದಿವೆಯೋ ಇಲ್ಲವೋ ನೋಡಬೇಕು ಅಂದಳು. ಯಾರಿಗೆ ತೋರಿಸಲಿಕ್ಕೆ ಅಂದೆ.

“ಯಾರಿಗೂ ಅಲ್ಲ. ನಂಗೆ ಗೊತ್ತಾಗ್ಬೇಕು.”

ಅವಳು ಹೋದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತವನು ಇನ್ನೂ ಅಲ್ಲೇ ಇದ್ದೇನೆ. ಪಕ್ಕದ ಮನೆಯಾಕೆ ಇಣುಕಿ ಊಟ ಆಯ್ತಾ ಅಂದರು, ಇನ್ನೂ ಇಲ್ಲ ಅಂದೆ, ಏನೋ ತಂದುಕೊಟ್ಟರು, ತಿಂದೆ. ಅವರ ಮೊಮ್ಮಗನ ಸೈಕಲ್ಲಿನ ಚೈನು ಬಿಗಿ ಮಾಡಿಕೊಟ್ಟೆ.

ಈಗಷ್ಟೇ ಫೋನ್ ಬಂತು. ಅಂಚಿನಲ್ಲಿ ಹರಳು ಬೆಳೆದಿವೆ, ನಡುವೆ ಬೆಳೆದಿಲ್ಲವಂತೆ. ಅಂದರೆ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದೆ. ಎರಡೂ ಅಂದಳು. ಅಂಚು ಯಾಕೆ ಸೋತಿತು ಅಂತ ಗೊತ್ತಾದರೆ ಮುಂದೆ ದಾರಿ ಇದೆ, ಗೊತ್ತಾಗಲು ಕುಲುಮೆಯಂಥ ಬಿಸಿ ಬೇಕು. ಅಲ್ಲಿ ಯಾವುದೋ ಯಂತ್ರ ಗುಯ್ಯೆನ್ನುತ್ತಿತ್ತು.

“ಬರಲ್ಲ ಅಂತ ಬರೆದಿದ್ದ ಆ ಕಾಗದ ಹರಿದು ಹಾಕ್ಲಾ ಅಪ್ಪ?”

“ಹಾಕು,” ಅಂದೆ. ಮೆಲ್ಲಗೆ ಅಂದೆ ಅನ್ನಿಸಿ, ಇನ್ನೊಂದು ಸಲ ಅಂದೆ.

ಅವಳು ಕೊನೆಯ ಬಸ್ಸಿಗೆ ಮೊದಲೇ ಬರುತ್ತಾಳಂತೆ. ನೀನಿದ್ದಿದ್ದರೆ ಇಷ್ಟು ಹೊತ್ತಿಗೆ ಯಾವ ಪೆಟ್ಟಿಗೆ, ಎಷ್ಟು ಬಟ್ಟೆ ಅಂತ ಶುರು ಮಾಡಿರುತ್ತಿದ್ದೆ. ನನಗೆ ಅದೆಲ್ಲ ತಿಳಿಯುವುದಿಲ್ಲ. ಕುಲುಮೆಯ ಹತ್ತಿರ ಹತ್ತಿಯ ಬಟ್ಟೆಯೇ ಹಾಕಬೇಕು ಅನ್ನುವುದೊಂದು ಹೇಳಬೇಕು, ಬೇರೆಯದು ಮೈಗೆ ಅಂಟಿಕೊಳ್ಳುತ್ತದೆ. ಆ ಊರಿಗೆ ರೈಲು ಯಾವ ಕಡೆಯಿಂದ ಹೋಗುತ್ತದೋ ಕೇಳಬೇಕು. ಇನ್ನೂ ಏನೋ ಬರೆಯುವುದಿತ್ತು, ಬೀದಿಯ ತಿರುವಿನ ತನಕ ಕಾಣುತ್ತಿದ್ದದ್ದು ಈಗ ಎದುರು ಮನೆಯ ಗೇಟಿನ ತನಕ ಮಾತ್ರ ಕಾಣುತ್ತಿದೆ, ಸಾಲು ಸಾಲಿನ ಮೇಲೆ ಹತ್ತುತ್ತಿದೆ. ಬೆಳಕು ಹೋಗುತ್ತಿದೆ